ಹುಲ್ಲು ಕೊಡದೆ ಇಟ್ಟಿಗೆ ಕೇಳಬೇಡಿ

ನಮ್ಮ ಯೌವನಸ್ಥರಲ್ಲಿ ಸ್ವಂತ ಕೆಲಸ ಶುರು ಮಾಡಿದವರು ಎಷ್ಟೋ ಜನ ಇದ್ದೀರಿ. ಒಬ್ಬರದು ಮೊಬೈಲ್ ಅಂಗಡಿ, ಒಬ್ಬರದು ಟೇಲರಿಂಗ್, ಇನ್ನೊಬ್ಬರು ಆ್ಯಪ್ ಮಾಡ್ತಿದ್ದಾರೆ. ಪ್ರಾರ್ಥನೆಗೆ ಬಂದಾಗ ಎಲ್ಲರೂ ಹೇಳುವುದು ಒಂದೇ: "ಬ್ರದರ್, ಒಳ್ಳೆ ಕೆಲಸಗಾರರು ಸಿಗ್ತಿಲ್ಲ. ಸಿಕ್ಕವರೂ ನಿಲ್ತಿಲ್ಲ."

ಸತ್ಯವೇದ ತೆಗೆಯಿರಿ, ವಿಮೋಚನಕಾಂಡ 5ನೇ ಅಧ್ಯಾಯ. ಫರೋಹನು ಇಸ್ರಾಯೇಲ್ಯರಿಗೆ ಹುಲ್ಲು ಕೊಡುವುದನ್ನು ನಿಲ್ಲಿಸಿದ. ಆದರೆ ಇಟ್ಟಿಗೆಯ ಲೆಕ್ಕದಲ್ಲಿ ಒಂದೂ ಕಡಿಮೆ ಆಗಬಾರದು ಅಂದ. ಲೆಕ್ಕ ತಪ್ಪಿದಾಗ ಅವರನ್ನೇ ಸೋಮಾರಿಗಳು ಅಂತ ಬೈದ. ನಮ್ಮ ಬಾಯಲ್ಲೂ ಅದೇ ಮಾತು ಬರ್ತದೆ, ಅಲ್ಲವೇ?

ನನ್ನದೇ ಸಾಕ್ಷಿ ಹೇಳ್ತೀನಿ. ಕಲಬುರಗಿಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಹಾಕಿದ ಮೊದಲ ವರ್ಷ, ನಮ್ಮ ಸಭೆಯ ಹುಡುಗನನ್ನೇ ಕೆಲಸಕ್ಕೆ ಇಟ್ಟುಕೊಂಡೆ. ವಿಶ್ವಾಸಿ ಇದ್ದಾನೆ, ತಾನೇ ತಿಳಿದು ಮಾಡ್ತಾನೆ ಅಂದುಕೊಂಡೆ. ಡಿಸೈನ್, ಮಷಿನ್, ಡೆಲಿವರಿ, ಬಾಕಿ ವಸೂಲಿ ಎಲ್ಲಾ ಅವನ ಮೇಲೆ. ನಾನು ಕಲಿಸಿದ್ದು ಎರಡೇ ದಿನ. ಒಂದು ಮದುವೆ ಬ್ಯಾನರಿನ ಅಳತೆ ತಪ್ಪಿತು. ಗಿರಾಕಿ ಮುಂದೆಯೇ ಬೈದೆ. ಸಂಬಳದಲ್ಲಿ ಬ್ಯಾನರಿನ ದುಡ್ಡು ಹಿಡಿದೆ, ಉಳಿದದ್ದನ್ನು 20ನೇ ತಾರೀಖಿಗೆ ಕೊಟ್ಟೆ. ನಡುವಿನ ಭಾನುವಾರಗಳಲ್ಲಿ ಅವನು ಹಿಂದಿನ ಸಾಲಿನಲ್ಲಿ ಕೂತಿದ್ದ, ನಾನು ಮುಂದೆ ನಿಂತು ಪ್ರಾರ್ಥನೆ ಮಾಡಿಸ್ತಿದ್ದೆ. ಮುಂದಿನ ತಿಂಗಳು ಅವನು ಅಂಗಡಿಗೂ ಬರಲಿಲ್ಲ, ಸಭೆಗೂ ಬರಲಿಲ್ಲ.

ಆಗ ನನಗೆ ನಮ್ಮೂರು ಅತನೂರ ನೆನಪಾಯ್ತು. ತೊಗರಿ ಕೊಯ್ಯಲು ಆಳು ಕರೆಯುವ ಮುಂಚೆ ನಮ್ಮವ್ವ ಲೆಕ್ಕ ಹಾಕ್ತಿದ್ದಳು. ಎಷ್ಟು ಮಂದಿ ಬರ್ತಾರೆ, ಒಂದು ದಿನಕ್ಕೆ ಎಷ್ಟು ಸಾಲು ಆಗ್ತದೆ, ಕುಡಿಯುವ ನೀರಿನ ಕೊಡ ಎಲ್ಲಿಡಬೇಕು, ಸಂಜೆ ಕೊಡಲು ರೊಕ್ಕ ಇದೆಯೋ ಇಲ್ಲವೋ. ರೊಕ್ಕ ಇಲ್ಲದಿದ್ದರೆ ಆಳು ಕರೆಯುತ್ತಲೇ ಇರಲಿಲ್ಲ. ಓದು ಬಾರದ ನಮ್ಮವ್ವನ ಲೆಕ್ಕ, ಬೈಬಲ್ ಕಾಲೇಜು ಓದಿದ ನನಗೆ ಬರಲಿಲ್ಲ. ಧರ್ಮೋಪದೇಶಕಾಂಡ 24:14-15 ಸಹ ಅದನ್ನೇ ಕಲಿಸುತ್ತದೆ: ಸೂರ್ಯ ಮುಳುಗುವ ಮುಂಚೆ ಬಡವನ ಕೂಲಿ ಅವನ ಕೈ ಸೇರಬೇಕು.

ಹಾಗಾದರೆ ನಾವು ಕೊಡಬೇಕಾದ ಹುಲ್ಲು ಯಾವುದು?

ಮೊದಲನೆಯದು, ಸ್ಪಷ್ಟವಾದ ಕೆಲಸ. ಆಳು ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ಕೆಲಸ ಬರೆಯಿರಿ. ಒಬ್ಬ ಮನುಷ್ಯ ಎಂಟು ಗಂಟೆಯಲ್ಲಿ ಮಾಡುವಷ್ಟೇ ಇದೆಯಾ? ಮೂರು ಜನರ ಕೆಲಸ ಬರೆದು ಒಬ್ಬನ ಸಂಬಳ ಇಟ್ಟರೆ, ಸಮಸ್ಯೆ ಬರುವ ಹುಡುಗನಲ್ಲಿ ಇಲ್ಲ, ಹಾಳೆಯಲ್ಲೇ ಇದೆ.

ಎರಡನೆಯದು, ಕಲಿಯುವ ಸಮಯ. 1981ರಲ್ಲಿ ಏಳು ಜನ ಸೇರಿ ಶುರು ಮಾಡಿದ ಇನ್ಫೋಸಿಸ್, ಹೊಸಬರಿಗೆ ಕಲಿಸಲಿಕ್ಕಂತಲೇ ಮೈಸೂರಿನಲ್ಲಿ ದೊಡ್ಡ ಕ್ಯಾಂಪಸ್ ಕಟ್ಟಿದೆ. ಇಂಜಿನಿಯರಿಂಗ್ ಮುಗಿಸಿ ಬಂದವರಿಗೇ ಅಲ್ಲಿ ತಿಂಗಳುಗಟ್ಟಲೆ ತರಬೇತಿ. ನಮ್ಮ ಹುಡುಗರಿಗೆ ಎರಡು ದಿನ ಸಾಕಾ? ಮೊದಲ ತಿಂಗಳು ತಪ್ಪು ಆಗ್ತದೆ. ಅದರ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಇಡಿ.

ಮೂರನೆಯದು, ಸಮಯಕ್ಕೆ ಸಂಬಳ. ಸಣ್ಣ ಅಂಗಡಿಯಾದರೂ ತಿಂಗಳ ಸಂಬಳವನ್ನು ಮುಂದಿನ ತಿಂಗಳು 7ನೇ ತಾರೀಖಿನ ಒಳಗೆ ಕೊಡಬೇಕು, ಇದು ಕಾನೂನು. ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೆಲಸದವರು 20 ಆದರೆ ಪಿಎಫ್ ಸಹ ಕಟ್ಟಬೇಕು. "ಇದನ್ನ ಸೇವೆ ಅಂತ ತಿಳ್ಕೊ ತಮ್ಮಾ" ಅಂತ ಹೇಳಿ ವಿಶ್ವಾಸಿಗೆ ಕಡಿಮೆ ಕೊಡಬೇಡಿ. ಯಾಕೋಬ 5:4 ಓದಿರಿ, ಹಿಡಿದಿಟ್ಟ ಕೂಲಿಯ ಕೂಗು ಕರ್ತನ ಕಿವಿಗೆ ಮುಟ್ಟುತ್ತದೆ.

ಇನ್ನೊಂದು ಮಾತು. ನಿಮ್ಮಷ್ಟೇ ಕಾಳಜಿ ಅವರಿಗೂ ಇರಬೇಕು ಅಂತ ಬಯಸಬೇಡಿ. ಅಂಗಡಿ ನಿಮ್ಮದು, ಲಾಭ ನಿಮ್ಮದು, ರಾತ್ರಿ ನಿದ್ದೆ ಕೆಡುವುದೂ ನಿಮ್ಮದೇ. ಹೇಳಿದ ಕೆಲಸ ಮುಗಿಸಿ ಆರು ಗಂಟೆಗೆ ಮನೆಗೆ ಹೊರಟವನು ಅಪನಂಬಿಗಸ್ತನಲ್ಲ. ಪ್ರಾಮಾಣಿಕವಾದ ಎಂಟು ಗಂಟೆ ಕೇಳಿರಿ, ಅದು ನ್ಯಾಯ.

ಹಾಗಂತ ಎಲ್ಲವನ್ನೂ ಸಹಿಸಿಕೊಳ್ಳಿ ಅಂತ ಹೇಳ್ತಿಲ್ಲ. ಕಲಿಸಿ, ಸಮಯ ಕೊಟ್ಟ ಮೇಲೂ ಸುಳ್ಳು, ಕಳ್ಳತನ, ಹೇಳದೆ ರಜೆ ಇದ್ದರೆ ಒಬ್ಬನನ್ನೇ ಕರೆದು ನೇರವಾಗಿ ಹೇಳಿ. ಬದಲಾಗದಿದ್ದರೆ ಪೂರ್ತಿ ಲೆಕ್ಕ ಚುಕ್ತಾ ಮಾಡಿ ಸಮಾಧಾನದಿಂದ ಕಳಿಸಿ.

ಆ ಹುಡುಗನ ಮನೆಗೆ ನಾನು ಹೋಗಿದ್ದೆ. ಹಿಡಿದ ದುಡ್ಡು ಕೊಟ್ಟೆ, ಅವನ ತಾಯಿ ಮುಂದೆ ಕ್ಷಮೆ ಕೇಳಿದೆ. ಅವನು ಈಗ ಬೇರೆ ಕಡೆ ಕೆಲಸ ಮಾಡ್ತಾನೆ, ಸಭೆಗೆ ಒಮ್ಮೊಮ್ಮೆ ಬರ್ತಾನೆ. ಬಂದಾಗ ನಾನೇ ಹಿಂದಿನ ಸಾಲಿಗೆ ಹೋಗಿ ಕೈ ಕೊಡ್ತೀನಿ.

ಈ ವಾರ ನಿಮ್ಮ ಹಾಳೆಯನ್ನು ಬರೆಯಿರಿ. ಒಂದು ಕಡೆ ನೀವು ಕೇಳುವ ಇಟ್ಟಿಗೆ, ಇನ್ನೊಂದು ಕಡೆ ನೀವು ಕೊಟ್ಟ ಹುಲ್ಲು. ಯಾರದಾದರೂ ಸಂಬಳ ಬಾಕಿ ಇದ್ದರೆ ಮುಂದಿನ ಭಾನುವಾರದೊಳಗೆ ಕೊಟ್ಟು ಬನ್ನಿ. ಕಣ್ಣು ಮುಚ್ಚೋಣ, ಪ್ರಾರ್ಥಿಸೋಣ. ಆಮೆನ್.