ಪುಡಿ ತುಂಬುವ ಸಲಕರಣೆಗಳ ಶುಚಿ: ಒರೆಸುವ ಮುನ್ನ ಓದಿ

ದಾವಣಗೆರೆಯಲ್ಲಿಯೂ ಹರಿಹರದಲ್ಲಿಯೂ ಮನೆಯ ಒಂದು ಕೋಣೆಯನ್ನೇ ಕಾರ್ಯಾಗಾರವಾಗಿಸಿಕೊಂಡು, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ, ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ ಮೊದಲಾದವುಗಳನ್ನು ಪ್ಯಾಕೆಟ್ಟು ಮಾಡಿ ಮಾರುವ ಗೃಹಿಣಿಯರೂ ಸ್ವಸಹಾಯ ಸಂಘದವರೂ, ಶಿವರಾತ್ರಿಯ ಆಸುಪಾಸಿನ ಒಣಹವೆ ತೊಡಗಿತೆಂದರೆ ಒಂದೇ ದೂರನ್ನು ಹೇಳುತ್ತಾರೆ: ಪುಡಿಯು ನೆಟ್ಟಗೆ ಕೆಳಗಿಳಿಯದೆ ಪ್ಲಾಸ್ಟಿಕ್ ಹಾಪರಿನ ಮೂಲೆಗೂ ಲಾಳಿಕೆಯ ಒಳಮೈಗೂ ಕವರಿನ ಬಾಯಿಗೂ ಅಂಟಿಕೊಳ್ಳುತ್ತದೆ, ಬಾಯಿಗಂಟಿದ ಪುಡಿಯ ದೆಸೆಯಿಂದ ಸೀಲು ಕೂಡುವುದಿಲ್ಲ, ತೂಕವೂ ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ವ್ಯತ್ಯಾಸವಾಗುತ್ತದೆ. ಇದಕ್ಕೆ ಅವರು ಮಾಡುವ ಉಪಚಾರವೇ ರೋಗವನ್ನು ಉಲ್ಬಣಗೊಳಿಸುತ್ತಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಕಾರಣ ಸರಳವಾದುದು. ಎರಡು ವಸ್ತುಗಳು ಒಂದಕ್ಕೊಂದು ತಾಗಿ, ಉಜ್ಜಿ, ಬೇರ್ಪಟ್ಟಾಗ ಸ್ಥಾಯೀವಿದ್ಯುತ್ತು ಹುಟ್ಟುತ್ತದೆ. ಲೋಹವು ನೆಲದ ಸಂಪರ್ಕ ದೊರೆತೊಡನೆ ಅದನ್ನು ಹರಿಯಬಿಡುತ್ತದೆ, ಪ್ಲಾಸ್ಟಿಕ್ಕು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಬೇಗ ಸೋರಿಹೋಗುವುದು. ಒಣಗಾಳಿಯಲ್ಲಿ ಬಹುಕಾಲ ನಿಲ್ಲುವುದು. ಹತ್ತಿಗಿರಣಿಗಳ ನೂಲುವ ವಿಭಾಗದಲ್ಲಿ ಗಾಳಿಗೆ ತೇವವನ್ನು ಸೇರಿಸುವ ಪದ್ಧತಿಗೆ ಇದೂ ಒಂದು ಕಾರಣವೆಂಬುದು, ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಯ ಹಿರಿಯರಿಗೆ ಹೊಸ ಸಂಗತಿಯೇನಲ್ಲ.

ಮೊದಲನೆಯದಾಗಿ, ಯಂತ್ರದ ಪ್ಲಗ್ಗನ್ನು ಕಿತ್ತು, ಹಾಪರನ್ನು ಬರಿದು ಮಾಡಿ, ಮುಚ್ಚಳ, ಲಾಳಿಕೆ, ಪುಡಿಯನ್ನು ತಡೆಯುವ ತಗಡು ಇವುಗಳನ್ನು ಬಿಚ್ಚಿಕೊಳ್ಳಿರಿ. ಮೂಲೆಗಳಲ್ಲಿ ಉಳಿದ ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಉದುರಿಸಿದ ಮೇಲೆಯೇ ನೀರು ಮುಟ್ಟಿಸತಕ್ಕದ್ದು. ಇಲ್ಲವಾದರೆ ಶೇಂಗಾದ ಎಣ್ಣೆಯೂ ಖಾರವೂ ಕಲೆತು ಸಂದಿಗಳಲ್ಲಿ ಮೆತ್ತಿಕೊಂಡು, ಒಣಗಿದ ಬಳಿಕ ಕಮಟು ವಾಸನೆಗೆ ಆಸ್ಪದವಾಗುತ್ತದೆ.

ಎರಡನೆಯದಾಗಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಕೆಲವು ತೊಟ್ಟು ಬೆರೆಸಿ, ಮೃದುವಾದ ಸ್ಪಂಜಿನಿಂದ ಪ್ಲಾಸ್ಟಿಕ್ ಭಾಗಗಳನ್ನು ತೊಳೆದು, ಸಾಬೂನಿನ ಜಿಡ್ಡು ಉಳಿಯದಂತೆ ಎರಡಾವರ್ತಿ ಶುದ್ಧ ನೀರಿನಲ್ಲಿ ಜಾಲಿಸಿರಿ. ಕುದಿಯುವ ನೀರು ಬೇಡ. ಪಾರದರ್ಶಕ ಹಾಪರು ಸೊಟ್ಟಗಾದೀತು. ತಂತಿಯ ಜುಂಗೂ ಬೇಡ. ಅದು ಮಾಡುವ ಗೀರುಗಳಲ್ಲಿ ಎಣ್ಣೆ ಮನೆಮಾಡುತ್ತದೆ.

ಮೂರನೆಯ ಹಂತವೇ ಮುಖ್ಯವಾದುದು. ಬಹುಮಂದಿ ಎಡವುವುದೂ ಇಲ್ಲಿಯೇ. ತೊಳೆದ ಹಾಪರನ್ನು ಕನ್ನಡಿಯಂತೆ ಹೊಳೆಯಿಸಬೇಕೆಂಬ ಉತ್ಸಾಹದಲ್ಲಿ, ಕೈಗೆ ಸಿಕ್ಕಿದ ಹಳೆಯ ನೈಲಾನ್ ಸೀರೆಯ ತುಂಡನ್ನೋ ಟೆರಿಕಾಟ್ ಅಂಗಿಯ ಚಿಂದಿಯನ್ನೋ ಹಿಡಿದು ಬಲವಾಗಿ ಒರೆಸುವವರು, ಯಾವ ವಿದ್ಯುತ್ತನ್ನು ತೊಲಗಿಸಬೇಕೆಂದು ಇಷ್ಟು ಶ್ರಮಪಟ್ಟರೋ ಅದನ್ನೇ ತಮ್ಮ ಕೈಯಾರೆ ಪುನಃ ಉತ್ಪತ್ತಿ ಮಾಡುತ್ತಾರೆ. ಒಣಬಟ್ಟೆಯಿಂದ ಉಜ್ಜಿದ ಪ್ಲಾಸ್ಟಿಕ್ಕು ತೊಳೆಯದ ಪ್ಲಾಸ್ಟಿಕ್ಕಿಗಿಂತ ಹೆಚ್ಚಾಗಿ ಪುಡಿಯನ್ನು ಸೆಳೆಯಬಲ್ಲದು. ಅಂಟಿತೆಂದು ಮತ್ತೆ ಒರೆಸಿದರೆ ಮತ್ತಷ್ಟು ಸೆಳೆಯುವುದು. ಕಡೆಗೆ ಅಪರಾಧವನ್ನು ಯಂತ್ರದ ಮೇಲೆ ಹೊರಿಸಿ ಹೊಸದನ್ನು ಕೊಳ್ಳುವವರೂ ಉಂಟು. ಆದುದರಿಂದ ಒರೆಸಲೇಬೇಡಿರಿ. ಭಾಗಗಳನ್ನು ಕವುಚಿ, ಸ್ಟೀಲಿನ ಸ್ಟ್ಯಾಂಡಿನ ಮೇಲೆ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಟ್ಟು, ಸಂಪೂರ್ಣವಾಗಿ ಆರುವ ತನಕ ತಾಳ್ಮೆಯಿಂದಿರಿ. ಸಂದಿಯಲ್ಲಿ ಹನಿ ನೀರು ಉಳಿದರೂ ಪುಡಿ ಗಂಟುಕಟ್ಟಿ ಬೂಷ್ಟು ಹಿಡಿಯುತ್ತದೆ. ತುಂಬುವ ನಡುವೆ ಒರೆಸುವುದು ಅನಿವಾರ್ಯವಾದರೆ, ಚೆನ್ನಾಗಿ ಹಿಂಡಿದ ಹತ್ತಿಬಟ್ಟೆಯನ್ನು ಒಮ್ಮೆ ಹಗುರವಾಗಿ ಆಡಿಸಿ, ಆರಲು ಬಿಡಿ, ತಿಕ್ಕಬೇಡಿ.

ವಿದೇಶಗಳಲ್ಲಿ ಬಂದೂಕಿನ ತೋಟಾಗಳಿಗೆ ತಾವೇ ಮದ್ದು ತುಂಬಿಕೊಳ್ಳುವ ಹವ್ಯಾಸಿಗಳಿಗೂ ಇದೇ ತೊಡಕುಂಟಾಗಿ, ಅವರು ಬಟ್ಟೆ ಮೃದುಗೊಳಿಸುವ ರಾಸಾಯನಿಕ ಸವರಿದ ಹಾಳೆಯಿಂದ ಹಾಪರನ್ನು ಒರೆಸುವರು. ಆ ಲೇಪ ಮದ್ದಿನ ಪಾತ್ರೆಗೆ ಸಲ್ಲಬಹುದು. ತಿನ್ನುವ ಪುಡಿಯ ಪಾತ್ರೆಗೆ ಎಂದಿಗೂ ಸಲ್ಲದು. ಇಂಥ ಹಾಳೆಯನ್ನಾಗಲಿ, ಸ್ಥಾಯೀವಿದ್ಯುತ್ತನ್ನು ತೆಗೆಯುವುದೆಂದು ಮಾರುವ ಸಿಂಪಡಣೆಯನ್ನಾಗಲಿ ಆಹಾರದ ಸಲಕರಣೆಗೆ ತಾಗಿಸಬೇಡಿರಿ.

ನಾಲ್ಕನೆಯದಾಗಿ, ತೂಕದ ಯಂತ್ರ. ಮೇಲಿನ ತಟ್ಟೆಯನ್ನು ಮಾತ್ರ ತೆಗೆದು ತೊಳೆದು, ಮಿಕ್ಕ ಮೈಯನ್ನು ಹಿಂಡಿದ ಬಟ್ಟೆಯಿಂದ ಸವರಿರಿ. ತಟ್ಟೆಯ ಕೆಳಗಿರುವ ತೂಕಗ್ರಾಹಕವನ್ನು ಒತ್ತುವುದಾಗಲಿ, ನೀರು ಸೋಕಿಸುವುದಾಗಲಿ ಕೂಡದು. ಬಳಿಕ ಸೊನ್ನೆಗೆ ತಂದು, ಮುದ್ರೆಯುಳ್ಳ ತೂಕದ ಬಟ್ಟಿನಿಂದ ಪರೀಕ್ಷಿಸಿಕೊಳ್ಳಿರಿ. ಫ್ಯಾನಿನ ಗಾಳಿಗೆ ಅಂಕಿ ಓಲಾಡುವುದನ್ನು ಕಂಡು ಯಂತ್ರ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮುನ್ನ ಫ್ಯಾನನ್ನು ಆರಿಸಿ ನೋಡಿರಿ.

ಐದನೆಯದಾಗಿ, ಮರಳಿ ತುಂಬುವಾಗ ಪ್ಲಾಸ್ಟಿಕ್ ಲಾಳಿಕೆಗೆ ಬದಲಾಗಿ ಸ್ಟೀಲಿನದನ್ನು ಬಳಸಿರಿ. ನನ್ನ ಅಭಿಪ್ರಾಯದಲ್ಲಿ ಈ ಕೆಲಸಕ್ಕೆ ಮಾಡುವ ಅತ್ಯಂತ ಸಾರ್ಥಕವಾದ ಖರ್ಚು ಇದೊಂದೇ. ಯಂತ್ರದ ಲೋಹದ ಮೈಗೆ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಸರಿಯಾದ ಅರ್ತಿಂಗ್ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ನಿಂದ ನೋಡಿಸಿಕೊಳ್ಳಿರಿ. ಪ್ಲಾಸ್ಟಿಕ್ಕಿಗೆ ತಂತಿ ಸುತ್ತಿದರೆ ಮಾತ್ರ ಪ್ರಯೋಜನವಿಲ್ಲ. ವಿದ್ಯುತ್ತು ಅದರೊಳಗೆ ಹರಿಯದು. ನೆಲವನ್ನು ಒದ್ದೆಬಟ್ಟೆಯಿಂದ ಒರೆಸಿ ಕೆಲಸಕ್ಕೆ ಕೂತರೆ ಗಾಳಿಗೆ ತಕ್ಕಷ್ಟು ತೇವ ಬರುತ್ತದೆ. ಹೆಚ್ಚಾದರೆ ಪುಡಿಯೇ ಅದನ್ನು ಹೀರಿ ಮುದ್ದೆಗಟ್ಟುವುದರಿಂದ ಮಿತಿಯಿರಲಿ.

ಸ್ಥಳಾಭಾವದಿಂದ ಇನ್ನೆರಡೇ ಮಾತು. ಗಾಳಿಯಲ್ಲಿ ದಟ್ಟವಾಗಿ ತೇಲುವ ಹಿಟ್ಟಿನ ಧೂಳು ಕಿಡಿ ತಾಗಿದರೆ ಸ್ಫೋಟಿಸಬಲ್ಲದು. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್ಸಿನ ಹಿಟ್ಟಿನ ಗಿರಣಿಯೊಂದು ಹೀಗೆಯೇ ಸಿಡಿದು 18 ಮಂದಿ ಮಡಿದರು. ಒಲೆ ಉರಿಯುವ ಕೋಣೆಯಲ್ಲಿ ಪುಡಿ ಜರಡಿಯಾಡಬೇಡಿ, ತುಂಬಬೇಡಿ. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯನ್ನು ಅವಧಿ ಮೀರದಂತೆ ಹಾಕಿಸಿಕೊಳ್ಳಿರಿ.