ಹಿನ್ನೀರಿನ ಮೇಲೆ ಜರ್ಕಿಲ್ಲದೆ ಹಾರಲು ಕೆಲವು ಸೂತ್ರಗಳು

2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನಿಂದ ಬಂದ ಮೊದಲ ಇಂಡಿಗೋ ಎಟಿಆರ್ ವಿಮಾನ ಇಳಿಯಿತು. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಮಲೆನಾಡಿನ ಹುಡುಗರಿಗೆ ಅಂದಿನಿಂದ ತಮ್ಮದೇ ಎನ್ನುವಂಥ ದಾರಿಯೊಂದು ಸಿಕ್ಕಿತು. ಬೆಂಗಳೂರಿನಿಂದ ಸೋಗಾನೆ, ಅಲ್ಲಿಂದ ಪಶ್ಚಿಮಕ್ಕೆ ಮೂತಿ ತಿರುಗಿಸಿದರೆ ಲಿಂಗನಮಕ್ಕಿ ಹಿನ್ನೀರು, ಸಿಗಂದೂರು, ತುಮರಿ, ಬ್ಯಾಕೋಡು. ನೋಡಲು ಚೆಂದ, ಆದರೆ ಕಂಪ್ಯೂಟರಿಗೆ ಕಷ್ಟ. ಕಾಡು, ನೀರು, ಮೋಡ ಮೂರನ್ನೂ ಅದು ಒಟ್ಟಿಗೆ ಬಿಡಿಸಬೇಕು. ಚಿತ್ರ ಜರ್ಕ್ ಹೊಡೆಯುತ್ತಿದ್ದರೆ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವ ಮೊದಲು ಇಷ್ಟು ಮಾಡಿ.

1. ವೇಗ ಬೇಡ, ಲಯ ನೋಡಿ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದಕ್ಕೆ ಸುಮಾರು 33 ಮಿಲಿಸೆಕೆಂಡ್. 60 ಎಂದರೆ ಸುಮಾರು 17. ಸರಾಸರಿ 50 ತೋರಿಸುತ್ತಿದ್ದರೂ ಮಧ್ಯೆ ಒಂದು ಫ್ರೇಮ್ 100 ಮಿಲಿಸೆಕೆಂಡ್ ನುಂಗಿದರೆ ಕಣ್ಣಿಗೆ ಕಾಣುವುದು ಅದೊಂದೇ. ಚಂಡೆ ಎಷ್ಟು ಬಿರುಸಾಗಿದ್ದರೇನು, ತಾಳ ತಪ್ಪಿದರೆ ಕುಣಿಯುವವನು ಎಡವುತ್ತಾನೆ. ಗುಂಡು ಹಾರಿಸುವ ಆಟಗಳಿಗೆ 144 ಬೇಕಾದೀತು. ಎಟಿಆರ್ ಇಳಿಸಲು ಅಲುಗಾಡದ 30 ಧಾರಾಳ ಸಾಕು. ಆದರೆ 20ಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರಿನಲ್ಲಿ ಅಲ್ಲಿಂದ ಕೆಳಗೆ ಸಿಮ್‌ನ ಗಡಿಯಾರವೇ ನಿಧಾನವಾಗಿಬಿಡುತ್ತದೆ.

2. ಮಾನಿಟರಿನ ಹರ್ಟ್ಸನ್ನು ಶೇಷವಿಲ್ಲದೆ ಭಾಗಿಸಿ. 60 ಹರ್ಟ್ಸ್ ಪರದೆಗೆ 30 ಒಪ್ಪುತ್ತದೆ, ಪ್ರತಿ ಚಿತ್ರವೂ ಎರಡೆರಡು ಬಾರಿ ಮೂಡುತ್ತದೆ. ಅದೇ ಪರದೆಯಲ್ಲಿ 40ಕ್ಕೆ ಕಟ್ಟಿದರೆ ಒಂದು ಚಿತ್ರ ಎರಡು ಸಲ, ಮುಂದಿನದು ಒಂದೇ ಸಲ. ಸಂಖ್ಯೆ ಹೆಚ್ಚಾಗಿ ನಡಿಗೆ ಕುಂಟುತ್ತದೆ. 120 ಹರ್ಟ್ಸಿಗೆ 40 ಸರಿ, 144ಕ್ಕೆ 48 ಅಥವಾ 36. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ವಿ-ಸಿಂಕ್‌ನಲ್ಲಿ ರಿಫ್ರೆಶ್ ರೇಟಿನ ಅರ್ಧ, ಮೂರರಲ್ಲೊಂದು ಎಂಬ ಆಯ್ಕೆಗಳಿವೆ, ಅವನ್ನೇ ಬಳಸಿ. ಫ್ರೀಸಿಂಕ್ ಅಥವಾ ಜಿ-ಸಿಂಕ್ ಇರುವ ಮಾನಿಟರಾದರೆ ಈ ಭಾಗಾಕಾರದ ತಲೆನೋವು ಬಹುಪಾಲು ಇಲ್ಲ. ಅದು ಎಷ್ಟು ಹರ್ಟ್ಸಿನಿಂದ ಕೆಲಸ ಮಾಡುತ್ತದೆಂದು ಮಾತ್ರ ನೋಡಿಕೊಳ್ಳಿ. ಹಲವು ಪರದೆಗಳಲ್ಲಿ 48.

3. ಸುಸ್ತಾಗುತ್ತಿರುವುದು ಯಾವುದೆಂದು ಮೊದಲು ಪತ್ತೆ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ. ಸಿಮ್‌ನಲ್ಲಿ ಪ್ರೊಸೆಸರ್ ಒಂದು ಕೆಲಸ ಮಾಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಮತ್ತೊಂದು. ಇಬ್ಬರಲ್ಲಿ ನಿಧಾನದವನಿಗಾಗಿ ಇನ್ನೊಬ್ಬ ಕಾಯುತ್ತಾನೆ. ಮೈಕ್ರೋಸಾಫ್ಟ್ ಸಿಮ್‌ನ ಡೆವಲಪರ್ ಮೋಡಿನಲ್ಲಿರುವ ಫ್ರೇಮ್ ಮೀಟರ್, ತಡೆ ಮೇನ್‌ಥ್ರೆಡ್‌ನದೋ (ಅಂದರೆ ಪ್ರೊಸೆಸರಿನದು) ಜಿಪಿಯುವಿನದೋ (ಗ್ರಾಫಿಕ್ಸ್ ಕಾರ್ಡಿನದು) ಎಂದು ಬಾಯಿಬಿಟ್ಟು ಹೇಳುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಿಂತಾಗ ಸಾಮಾನ್ಯವಾಗಿ ಮೇನ್‌ಥ್ರೆಡ್ ಎಂದೇ ಬರುತ್ತದೆ. ಸಾಲುಗಟ್ಟಿದ ವಿಮಾನಗಳು, ವಾಹನಗಳು, ಕಟ್ಟಡಗಳು, ಕಾಕ್‌ಪಿಟ್ಟಿನ ಪರದೆಗಳು, ಎಲ್ಲದರ ಲೆಕ್ಕವೂ ಪ್ರೊಸೆಸರಿನ ತಲೆಯ ಮೇಲೆ. ಆಗ ರೆಸಲ್ಯೂಷನ್ ಇಳಿಸಿದರೆ ಚಿತ್ರ ಮಸುಕಾಗುತ್ತದೆಯೇ ಹೊರತು ಒಂದು ಫ್ರೇಮೂ ಹೆಚ್ಚುವುದಿಲ್ಲ. ಇಳಿಸಬೇಕಾದದ್ದು ಟೆರೇನ್ ಮತ್ತು ಆಬ್ಜೆಕ್ಟ್ ಡೀಟೇಲ್, ಏರ್ ಟ್ರಾಫಿಕ್, ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್. ಟೆರೇನ್ ಡೀಟೇಲನ್ನು 200ರಿಂದ 100ಕ್ಕೆ ತಂದರೆ ದೂರದ ಗುಡ್ಡ ತುಸು ಮೊಂಡಾಗುತ್ತದೆ, ಅಷ್ಟೇ.

4. ಘಟ್ಟ ಬಂದೊಡನೆ ಲೆಕ್ಕ ತಲೆಕೆಳಗು. ಶರಾವತಿ ಕಣಿವೆಯ ಮೇಲೆ ಆಷಾಢದ ಮೋಡ ಹಾಕಿಕೊಂಡು ತಗ್ಗಿನಲ್ಲಿ ಹಾರಿದರೆ ಬೆವರುವುದು ಗ್ರಾಫಿಕ್ಸ್ ಕಾರ್ಡ್. ಮೊದಲು ಮೋಡವನ್ನು ಅಲ್ಟ್ರಾದಿಂದ ಹೈಗೆ ಇಳಿಸಿ, ಲಾಭ ದೊಡ್ಡದು, ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಆಮೇಲೆ ನೆರಳು, ನೀರಿನ ಪ್ರತಿಫಲನ. ಮರಗಳನ್ನು ಕೊನೆಗೆ ಮುಟ್ಟಿ; ಮರ ತೆಗೆದ ಮೇಲೆ ಅದು ಮಲೆನಾಡು ಹೇಗಾದೀತು? ಕಾರ್ಡಿನ ಮೆಮೊರಿ ತುಂಬಿ ತುಳುಕುತ್ತಿದ್ದರೆ ಟೆಕ್ಸ್‌ಚರನ್ನು ಒಂದು ಮೆಟ್ಟಿಲು ತಗ್ಗಿಸಿ. ತಿರುವಿನಲ್ಲಿ ಮಾತ್ರ ಚಿತ್ರ ತಡವರಿಸುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ. ಅಂದಹಾಗೆ, 2025ರ ಜುಲೈ 14ರಂದು ತೆರೆದ ಸಿಗಂದೂರು ಸೇತುವೆ ನಿಮ್ಮ ಪರದೆಯಲ್ಲಿ ಕಾಣದಿದ್ದರೆ ಸೆಟ್ಟಿಂಗ್ ತಡಕಬೇಡಿ. ಉಪಗ್ರಹದ ಚಿತ್ರ ಹಳೆಯದು, ಅಲ್ಲಿ ಇನ್ನೂ ಹಿನ್ನೀರು ದಾಟಿಸುವ ಲಾಂಚಿನ ಕಾಲ.

5. ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ವಿಮಾನ, ಅದೇ ಜಾಗ, ಅದೇ ಹೊತ್ತು, ಅದೇ ಹವೆ. ಲೈವ್ ವೆದರ್ ಇಟ್ಟುಕೊಂಡು ಪರೀಕ್ಷೆ ಮಾಡಿದರೆ ಫ್ರೇಮ್ ಏರಿದ್ದು ನಿಮ್ಮ ಜಾಣತನದಿಂದಲೋ ಮೋಡ ಚದುರಿದ್ದರಿಂದಲೋ ಗೊತ್ತಾಗುವುದಿಲ್ಲ.

6. ಡಿಎಲ್‌ಎಸ್‌ಎಸ್ ಹಾಕಿದ ಮೇಲೆ ಕಾಕ್‌ಪಿಟ್ಟಿನ ಮೀಟರುಗಳನ್ನು ಓದಿ ನೋಡಿ. ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ಈ ತಂತ್ರ ಕಾಡಿಗೆ, ಆಕಾಶಕ್ಕೆ ಚೆನ್ನ. ಕಾಕ್‌ಪಿಟ್ ಪರದೆಯಲ್ಲಿ ಉರುಳುವ ಅಂಕಿಗಳು ಮಾತ್ರ ಬಾಲ ಬೆಳೆಸಿಕೊಳ್ಳುತ್ತವೆ. ಫ್ರೇಮ್ ಜನರೇಷನ್ 30ನ್ನು 60 ಮಾಡಿ ತೋರಿಸಿದರೂ ಜಾಯ್‌ಸ್ಟಿಕ್ಕಿಗೆ ವಿಮಾನ ಸ್ಪಂದಿಸುವುದು ಹಳೆಯ 30ರ ವೇಗದಲ್ಲೇ, ಕೆಲವೊಮ್ಮೆ ಇನ್ನೂ ತಡವಾಗಿ. ಎತ್ತರದಲ್ಲಿ ಸಾಗುವಾಗ ಇರಲಿ, ರನ್‌ವೇ ಹತ್ತಿರ ಬಂದಾಗ ನನಗಂತೂ ಅದು ಬೇಡ.

7. ಸಿಗ್ನಲ್ ನೋಡಿ ಸಿಮ್ ಆರಿಸಿ. ಹಿನ್ನೀರಿನಾಚೆ ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದ ಊರುಗಳಿಗೆ ಈ ಮಾತು ಹೊಸದಲ್ಲ. ಮೈಕ್ರೋಸಾಫ್ಟ್ ಸಿಮ್ ನೆಲದ ಚಿತ್ರವನ್ನು ಹಾರುತ್ತಿರುವಾಗಲೇ ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತದೆ. 2024ರ ಆವೃತ್ತಿಗಂತೂ ನೆಟ್ ಇಲ್ಲದೆ ಹೆಚ್ಚೇನೂ ನಡೆಯದು. ನೆಟ್ ಮಂದವಾದರೆ ನೆಲ ಕಲಸಿದಂತೆ ಕಾಣುತ್ತದೆ. ಎಳೆದುಕೊಂಡ ನೆಲವನ್ನು ಕೂಡಿಡುವ ರೋಲಿಂಗ್ ಕ್ಯಾಶಿಗೆ ಎಸ್‌ಎಸ್‌ಡಿಯಲ್ಲಿ ಜಾಗ ಕೊಟ್ಟರೆ ಹಾರಿದ ದಾರಿಯಲ್ಲೇ ಮತ್ತೆ ಹಾರುವಾಗ ಹೊರೆ ತಗ್ಗುತ್ತದೆ. ಸಾಗರಕ್ಕೋ ಶಿವಮೊಗ್ಗಕ್ಕೋ ಹೋದಾಗ ಒಮ್ಮೆ ಡೌನ್‌ಲೋಡ್ ಮಾಡಿ ತರುವುದಾದರೆ ಎಕ್ಸ್-ಪ್ಲೇನ್ ಒಳ್ಳೆಯದು, ಅದರ ನೆಲ ಡಿಸ್ಕಿನಲ್ಲೇ ಕೂರುತ್ತದೆ. ದುಡ್ಡೂ ಬೇಡವೆಂದರೆ ಫ್ಲೈಟ್‌ಗಿಯರ್ ಇದೆ, ಪೂರ್ತಿ ಉಚಿತ. ನಮ್ಮ ಭಾಗದ ನೆಲದ ತುಣುಕುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಹಳೆಯ ಲ್ಯಾಪ್‌ಟಾಪಿನಲ್ಲೂ ಸೆಟ್ಟಿಂಗ್ ತಗ್ಗಿಸಿದರೆ ಹಾರೀತು.

8. ಮಳೆಗಾಲದ ಕರೆಂಟನ್ನೂ ಸೆಟ್ಟಿಂಗ್ ಎಂದೇ ಎಣಿಸಿ. ಚಾರ್ಜರ್ ಕಿತ್ತರೆ ಗೇಮಿಂಗ್ ಲ್ಯಾಪ್‌ಟಾಪ್ ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಕರೆಂಟು ಹೋದ ಕ್ಷಣದಲ್ಲೇ 60 ಇದ್ದದ್ದು ಧಡಕ್ಕನೆ ಕುಸಿಯುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಿತಿಯನ್ನು 30ಕ್ಕೇ ಕಟ್ಟಿಡಿ. ಯಂತ್ರ ಬಿಸಿಯೂ ಕಡಿಮೆ, ಬ್ಯಾಟರಿಯೂ ತುಸು ಹೆಚ್ಚು ಹೊತ್ತು. ಡೆಸ್ಕ್‌ಟಾಪ್ ಇದ್ದವರು ಸೈನ್ ವೇವ್ ಇನ್ವರ್ಟರನ್ನೇ ಕೇಳಿ ತನ್ನಿ. ಸ್ಕ್ವೇರ್ ವೇವ್ ಮಾದರಿಯಲ್ಲಿ ಕೆಲವು ಪವರ್ ಸಪ್ಲೈಗಳು ವಿಮಾನ ಇಳಿಸುವ ಹೊತ್ತಿಗೇ ಕೈಕೊಡುತ್ತವೆ.