32 ಕೊಟ್ಟರೆ 2 ಯಾಕೆ ಕಾಣುತ್ತೆ? ವರ್ಚುವಲ್ ಮಷೀನ್‌ನ ಪ್ರೊಸೆಸರ್ ಲೆಕ್ಕ

ಇವತ್ತು ಜೀವಕೋಶ ಇಲ್ಲ, ಡಿಎನ್‌ಎ ಇಲ್ಲ. ಅವುಗಳ ಲೆಕ್ಕ ಮಾಡೋ ಯಂತ್ರದ ವಿಷಯ. ಜರ್ಮನಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಕೇಳುಗರೊಬ್ಬರು ಬರೆದಿದ್ದಾರೆ. ಮೈಕ್ರೋಸ್ಕೋಪ್ ಚಿತ್ರಗಳನ್ನು ವಿಶ್ಲೇಷಿಸುವ ಅವರ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ. ಲ್ಯಾಬಿನಲ್ಲಿರೋದು ನಾಲ್ಕು ಸಾಕೆಟ್‌ನ, ಅಂದರೆ ನಾಲ್ಕು ಪ್ರೊಸೆಸರ್ ಚಿಪ್ ಕೂರಿಸಿದ ಲಿನಕ್ಸ್ ಸರ್ವರ್. ಒಂದೊಂದು ಚಿಪ್‌ನಲ್ಲಿ 16 ಕೋರ್. ಅದರೊಳಗೆ ಕೆವಿಎಂನಲ್ಲಿ ವಿಂಡೋಸ್ 10 ಪ್ರೊ ವರ್ಚುವಲ್ ಮಷೀನ್ ಮಾಡಿ 32 ಸಿಪಿಯು ಕೊಟ್ಟಿದ್ದಾರೆ. ಟಾಸ್ಕ್ ಮ್ಯಾನೇಜರ್ ತೋರಿಸೋದು ಎರಡೇ! ಪ್ರಬಂಧ ಸಲ್ಲಿಸೋಕೆ ಉಳಿದಿರೋದು ಕೆಲವೇ ವಾರ. ಕ್ಲೌಡ್‌ನಲ್ಲಿ ದೊಡ್ಡ ಯಂತ್ರ ಬಾಡಿಗೆಗೆ ತಗೋಬೇಕಾ ಅಂತ ಕೇಳಿದ್ದಾರೆ.

ಈಗಲೇ ದುಡ್ಡು ಖರ್ಚು ಮಾಡಬೇಡಿ. ಯಂತ್ರ ಚಿಕ್ಕದಾಗಿಲ್ಲ, ಲೆಕ್ಕ ಹೇಳಿದ ರೀತಿಯಲ್ಲಿ ತೊಂದರೆ ಇದೆ.

ಸಾಕೆಟ್ ಅಂದ್ರೆ ಒಂದು ಮನೆ, ಕೋರ್ ಅಂದ್ರೆ ಅದರೊಳಗಿನ ಕೋಣೆ ಅಂತ ಇಟ್ಕೊಳ್ಳಿ. ವಿಂಡೋಸ್ 10 ಹೋಮ್ ಒಂದು ಮನೆಯನ್ನಷ್ಟೇ ಬಳಸುತ್ತೆ, ಪ್ರೊ ಎರಡನ್ನು, ಪ್ರೊ ಫಾರ್ ವರ್ಕ್‌ಸ್ಟೇಷನ್ಸ್ ನಾಲ್ಕನ್ನು. ಕೋಣೆಗಳ ವಿಷಯದಲ್ಲಿ ಅದಕ್ಕೆ ಇಷ್ಟು ಜಿಪುಣತನ ಇಲ್ಲ. ಇತ್ತ ಕೆವಿಎಂ ನಿರ್ವಹಿಸೋ ಲಿಬ್‌ವರ್ಟ್‌ಗೆ ಜೋಡಣೆ ಹೇಗಿರಬೇಕು ಅಂತ ನಾವು ಹೇಳದೇ ಇದ್ದರೆ, ಅದು ಪ್ರತಿ ಸಿಪಿಯುವನ್ನೂ ಒಂದೊಂದು ಸಾಕೆಟ್ ಅಂತ ತೋರಿಸುತ್ತೆ. ಅಂದರೆ ಒಂದೊಂದೇ ಕೋಣೆಯ 32 ಮನೆ! ವಿಂಡೋಸ್ ಮೊದಲ ಎರಡನ್ನು ತೆರೆದು ಉಳಿದ 30ಕ್ಕೆ ಬೀಗ ಹಾಕುತ್ತೆ. ತಪ್ಪು ಸಂದೇಶ ಏನೂ ಬರಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ 32 ಸಾಲು ಕಾಣಲೂಬಹುದು. ಜನ ಗೊಂದಲಕ್ಕೆ ಬೀಳೋದು ಇಲ್ಲೇ.

ಪರಿಹಾರ ಎರಡು ನಿಮಿಷದ್ದು. ವರ್ಚುವಲ್ ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ. ಒಳಗಿಂದ ರೀಸ್ಟಾರ್ಟ್ ಮಾಡಿದರೆ ಸಾಲದು. ವರ್ಟ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ಟೋಪಾಲಜಿಯನ್ನು ಕೈಯಾರೆ ಹಾಕಿ: ಸಾಕೆಟ್ 2, ಕೋರ್ 16, ಥ್ರೆಡ್ 1. ಮೂರನ್ನೂ ಗುಣಿಸಿದರೆ 32 ಬರಬೇಕು. ಆಮೇಲೂ ಎರಡೇ ಕಂಡರೆ ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ, ಬೂಟ್ ಆಯ್ಕೆಗಳ ಒಳಗೆ, ಪ್ರೊಸೆಸರ್ ಸಂಖ್ಯೆಗೆ ಯಾರಾದರೂ ಮಿತಿ ಹಾಕಿದ್ದಾರಾ ನೋಡಿ.

32 ಕಂಡ ಮೇಲೂ ಕೆಲಸ ವೇಗವಾಗದೇ ಇರಬಹುದು, ಅದಕ್ಕೆ ಕಾರಣವೇ ಬೇರೆ. ದೊಡ್ಡ ಸರ್ವರ್‌ನಲ್ಲಿ ಪ್ರತಿ ಮನೆಗೂ ತನ್ನದೇ ಉಗ್ರಾಣ ಇದೆ, ಅಂದರೆ ಆ ಚಿಪ್‌ಗೆ ಹತ್ತಿರದ ಮೆಮೊರಿ. ಇದಕ್ಕೆ ನ್ಯೂಮಾ ಅಂತಾರೆ. ತನ್ನ ಉಗ್ರಾಣದಿಂದ ಅಕ್ಕಿ ತರೋದು ಸುಲಭ, ಪಕ್ಕದ ಮನೆಯಿಂದ ತರೋಕೆ ಹೊತ್ತು ಹಿಡಿಯುತ್ತೆ. 32 ಸಿಪಿಯು ಒಂದೇ ಚಿಪ್‌ನಲ್ಲಿ ಹಿಡಿಸಲ್ಲ, ಹಾಗಾಗಿ ಎರಡಕ್ಕೆ ಹರಡಲೇಬೇಕು. ಸುಮ್ಮನೆ ಬಿಟ್ಟರೆ ನಾಲ್ಕೂ ಚಿಪ್‌ಗಳ ನಡುವೆ ಅಲೆದಾಡುತ್ತವೆ. ಹೊರಗಿನ ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು ಆಜ್ಞೆ ಕೊಟ್ಟರೆ ಯಾವ ಕೋರ್ ಯಾವ ನ್ಯೂಮಾ ನೋಡ್‌ನದು ಅಂತ ತಿಳಿಯುತ್ತೆ. ವರ್ಚುವಲ್ ಸಿಪಿಯುಗಳನ್ನು ಎರಡು ನೋಡ್‌ಗಳಿಗೆ 16ರಂತೆ ಕಟ್ಟಿಹಾಕಿ, ಮೆಮೊರಿಯನ್ನೂ ಅದೇ ನೋಡ್‌ಗಳಿಂದ ಕೊಡಿ. ಆ ಎರಡು ನೋಡ್ ವಿಂಡೋಸ್‌ಗೂ ಕಾಣೋ ಹಾಗೆ ಮಾಡಿ. ನನ್ನ ಪ್ರಕಾರ ಸಿಪಿಯು ಸಂಖ್ಯೆ ಏರಿಸೋಕಿಂತ ಮೊದಲು ಮಾಡಬೇಕಾದ ಕೆಲಸ ಇದು.

ಹಾಗಾದ್ರೆ 80 ಕೊಟ್ಟರೆ? ವಿಂಡೋಸ್ ಪ್ರೊಸೆಸರ್‌ಗಳನ್ನು ಹೆಚ್ಚೆಂದರೆ 64ರ ಗುಂಪುಗಳಾಗಿ ವಿಂಗಡಿಸುತ್ತೆ. ಹಳೆಯ ಸಾಫ್ಟ್‌ವೇರ್ ಒಂದೇ ಗುಂಪಿನಲ್ಲಿ ಓಡಿ, ಇನ್ನೊಂದು ಖಾಲಿ ಕೂತಿರುತ್ತೆ. ಅಲ್ಲದೆ ಈ ಸರ್ವರ್‌ನಲ್ಲಿ ಇರೋದೇ 64 ಕೋರ್. ಇಲ್ಲದ ಕೋರ್‌ಗಳನ್ನು ಹಂಚಿದರೆ ಸರದಿ ಕಾಯೋದೇ ಆಗುತ್ತೆ. ನೀವು ಒಳಗೆ ಲಿನಕ್ಸ್ ಓಡಿಸುವವರಾದರೆ ಟಾಪ್ ಆಜ್ಞೆಯಲ್ಲಿ ‘ಎಸ್‌ಟಿ’ ಅನ್ನೋ ಅಂಕಿ ನೋಡಿ. ಅದು ಏರುತ್ತಿದ್ದರೆ ನಿಮ್ಮ ಪಾಲಿನ ಸಮಯ ಬೇರೆ ಯಾರಿಗೋ ಹೋಗುತ್ತಿದೆ, ಬಹುಶಃ ಪಕ್ಕದ ಮೇಜಿನ ಸಹೋದ್ಯೋಗಿಯ ವರ್ಚುವಲ್ ಮಷೀನಿಗೇ!

ಆ ಕೇಳುಗರಿಗೆ ಕೊನೆಯದಾಗಿ ಒಂದು ಕೆಲಸ. ಒಂದೇ ಚಿಪ್‌ಗೆ ಕಟ್ಟಿದ 16 ಸಿಪಿಯುನಲ್ಲಿ ಹತ್ತು ಚಿತ್ರ ಓಡಿಸಿ ಸಮಯ ಬರೆದಿಡಿ. ಆಮೇಲೆ ಅದೇ ಹತ್ತು ಚಿತ್ರವನ್ನು 32ರಲ್ಲಿ ಓಡಿಸಿ. ವ್ಯತ್ಯಾಸ ಅಷ್ಟಕ್ಕಷ್ಟೇ ಅಂದ್ರೆ 16ರದ್ದೇ ಎರಡು ಮಷೀನ್ ಮಾಡಿ, ಚಿತ್ರಗಳನ್ನು ಅರ್ಧರ್ಧ ಹಂಚಿಬಿಡಿ. ಎರಡನೆಯದಕ್ಕೆ ವಿಂಡೋಸ್ ಲೈಸೆನ್ಸ್ ಬೇಕಾಗುತ್ತೆ, ಮರೀಬೇಡಿ. ಎಷ್ಟು ನಿಮಿಷ ಬಂತು ಅಂತ ನಮಗೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀವಿ.